ಕಡಲು ನಮ್ಮೂರಿನದೇ, ಸಲುಗೆ ಮಾತ್ರ ಬೇಡ

ಮಕ್ಕಳ ಪರೀಕ್ಷೆ ಮುಗಿಯಿತೆಂದರೆ ‘ಈ ಸಲ ಎಲ್ಲಿಗೆ?’ ಎಂಬ ಪ್ರಶ್ನೆ ಮನೆಮನೆಯಲ್ಲೂ ಏಳುತ್ತದೆ. ಊಟಿ, ಕೊಡೈಕೆನಾಲ್, ಅನುಕೂಲವಿದ್ದರೆ ಸಿಂಗಪುರ. ರಾತ್ರಿಯಿಡೀ ಬಸ್ಸು, ಹೊತ್ತಲ್ಲದ ಹೊತ್ತಿನಲ್ಲಿ ಹೋಟೆಲ್ ಊಟ, ಮೂರು ದಿನದಲ್ಲಿ ಮೂವತ್ತು ಜಾಗ. ಹಿಂತಿರುಗಿದ ಮೇಲೆ ಒಬ್ಬರಿಗೆ ಭೇದಿ, ಇನ್ನೊಬ್ಬರಿಗೆ ಜ್ವರ, ಮನೆಯ ಯಜಮಾನರಿಗೆ ಸಾಲ! ವಿಶ್ರಾಂತಿಗೆಂದು ಹೋದವರು ದಣಿದು ನನ್ನ ಬಳಿ ಔಷಧಿಗೆ ಬರುವುದನ್ನು ವರ್ಷವೂ ನೋಡುತ್ತೇನೆ.

ಹಾಗಾಗಿ ದೂರ ಹೋಗದೆ ತಮ್ಮೂರಿನಲ್ಲೋ ಹತ್ತಿರದ ಊರಿನಲ್ಲೋ ರಜೆ ಕಳೆಯುವವರನ್ನು ಕಂಡರೆ ನನಗೆ ಸಂತೋಷ. ‘ಸ್ಟೇಕೇಶನ್’ ಎಂಬ ಹೊಸ ಹೆಸರು ಇದಕ್ಕೀಗ ಬಂದಿದೆ. 2020ರ ಕೋವಿಡ್ ಕಾಲದಿಂದೀಚೆಗೆ ಈ ಮಾತು ಹೆಚ್ಚಾಗಿ ಕಿವಿಗೆ ಬೀಳುತ್ತಿದೆ. ನಮ್ಮ ಕರಾವಳಿಯವರಿಗೆ ಇದೇನು ಹೊಸತಲ್ಲ. ಅಜ್ಜಿಮನೆ, ಮಾವಿನಹಣ್ಣು, ಸಂಜೆ ಕಡಲ ದಂಡೆ, ಇಷ್ಟೇ ನಮ್ಮ ಬೇಸಿಗೆ ರಜೆಯಾಗಿತ್ತು. ಆರೋಗ್ಯದ ದೃಷ್ಟಿಯಿಂದ ಇದಕ್ಕಿಂತ ಒಳ್ಳೆಯ ರಜೆ ಇಲ್ಲವೆಂದೇ ನನ್ನ ಅಭಿಪ್ರಾಯ. ಮಕ್ಕಳಿಗೆ ಸಾಕಷ್ಟು ನಿದ್ದೆ, ಮನೆಯ ಅನ್ನ, ಓಡಾಡಲು ಬಯಲು ಸಿಗುತ್ತವೆ. ಹಿರಿಯರಿಗೆ ರಕ್ತದೊತ್ತಡದ ಮಾತ್ರೆ ತಪ್ಪುವುದಿಲ್ಲ. ಏನಾದರೂ ಆದರೆ ಪರಿಚಯದ ವೈದ್ಯರು ಪಕ್ಕದಲ್ಲೇ ಇರುತ್ತಾರೆ.

ಆದರೆ ಈ ರಜೆಯಲ್ಲೂ ಒಂದು ಅಪಾಯವಿದೆ. ಪರಊರಿಗೆ ಹೊರಟಾಗ ನಾವು ಎಚ್ಚರದಿಂದಿರುತ್ತೇವೆ. ನಮ್ಮೂರಿನಲ್ಲಿ, ಅದೂ ನಮ್ಮೂರಿನ ಕಡಲ ಮುಂದೆ, ಆ ಎಚ್ಚರವನ್ನು ಮನೆಯ ಗೂಟಕ್ಕೆ ನೇತುಹಾಕಿ ಹೋಗುತ್ತೇವೆ. ಇದನ್ನು ಬೇರೆಯವರಿಗೆ ಬುದ್ಧಿ ಹೇಳಲು ಬರೆಯುತ್ತಿಲ್ಲ. ನನ್ನಿಂದಲೇ ಆದ ತಪ್ಪು ಇದು.

ನನ್ನ ತಂಗಿಯ ಮೊಮ್ಮಗ ಒಂಬತ್ತು ವರ್ಷದವನು. ರಜೆಗೆ ಬೆಂಗಳೂರಿನಿಂದ ಕುಂದಾಪುರಕ್ಕೆ, ನಮ್ಮ ಮನೆಗೆ ಬಂದಿದ್ದ. ಮೇ ತಿಂಗಳ ಒಂದು ಸಂಜೆ ಅವನನ್ನು ಕೋಡಿಯ ಕಡಲ ದಂಡೆಗೆ ಕರೆದೊಯ್ದೆ. ಮೊಣಕಾಲುದ್ದದ ನೀರಿಗಿಂತ ಮುಂದೆ ಹೋಗಕೂಡದೆಂದು ಹೇಳಿಯೂ ಇದ್ದೆ. ಅಷ್ಟರಲ್ಲಿ ಹಳೆಯ ರೋಗಿಯೊಬ್ಬರು ಸಿಕ್ಕಿದರು. ಮಾತಿಗೆ ನಿಂತೆ, ಕಡಲಿಗೆ ಬೆನ್ನು ಹಾಕಿ. ಎರಡು ನಿಮಿಷವೂ ಆಗಿರಲಿಕ್ಕಿಲ್ಲ. ತಿರುಗಿ ನೋಡಿದರೆ ಹುಡುಗ ಹತ್ತು ಮಾರು ಆಚೆ ಇದ್ದಾನೆ. ಕೂಗಲಿಲ್ಲ, ಕೈ ಬೀಸಲಿಲ್ಲ. ತಲೆ ಹಿಂದಕ್ಕೆ ವಾಲಿತ್ತು, ಬಾಯಿ ನೀರಿನ ಮಟ್ಟದಲ್ಲಿತ್ತು. ವೈದ್ಯನಾದ ನಾನು ಮರಳಿನ ಮೇಲೆ ಕಂಬದಂತೆ ನಿಂತುಬಿಟ್ಟೆ.

ದೋಣಿಯ ನೆರಳಿನಲ್ಲಿ ಬಲೆ ಸರಿಮಾಡುತ್ತಿದ್ದ ಮೀನುಗಾರರೊಬ್ಬರು ಓಡಿ ಬಂದರು. ಅವರು ನೀರಿಗೆ ಹಾರಲಿಲ್ಲ, ನೋಡಿ! ಮುಚ್ಚಳ ಬಿಗಿದ ಖಾಲಿ ಪ್ಲಾಸ್ಟಿಕ್ ಕ್ಯಾನಿಗೆ ಹಗ್ಗ ಕಟ್ಟಿದ್ದಿತ್ತು. ಅದನ್ನು ಬೀಸಿ ಹುಡುಗನ ಮುಂದೆ ಎಸೆದರು. ಅವನು ತಬ್ಬಿ ಹಿಡಿದ, ಇವರು ಎಳೆದರು. ದಡಕ್ಕೆ ಬಂದ ಹುಡುಗ ಕೆಮ್ಮಿದ, ವಾಂತಿ ಮಾಡಿದ, ಆಮೇಲೆ ಅತ್ತ. ಅಳುವಿನ ಸದ್ದು ಅಷ್ಟು ಇಂಪಾಗಿರುತ್ತದೆಂದು ನನಗೆ ಅಂದೇ ತಿಳಿದದ್ದು. ಆ ಮೀನುಗಾರರು ನನ್ನನ್ನು ಬೈಯಲಿಲ್ಲ. ‘ಡಾಕ್ಟ್ರೇ, ಕಡ್ಲಿಗೆ ಬೆನ್ನ್ ಹಾಕುಕಾಗ’ ಎಂದು ನಮ್ಮ ಕುಂದಾಪುರದ ಕನ್ನಡದಲ್ಲಿ ಒಂದೇ ಮಾತು ಹೇಳಿ ಬಲೆಯ ಕೆಲಸಕ್ಕೆ ಮರಳಿದರು.

ಓದುಗರೇ, ಆ ಒಂದು ಮಾತಿನಲ್ಲಿ ಮುಖ್ಯ ಪಾಠವೆಲ್ಲ ಅಡಗಿದೆ. ಮುಳುಗುವವರು ಸಿನಿಮಾದಲ್ಲಿ ಕಾಣುವಂತೆ ‘ಕಾಪಾಡಿ’ ಎಂದು ಕಿರುಚುವುದಿಲ್ಲ. ಉಸಿರೆಳೆದುಕೊಳ್ಳುವುದಕ್ಕೇ ಬಾಯಿಗೆ ಪುರಸತ್ತಿಲ್ಲದಿರುವಾಗ ಕೂಗುವುದೆಲ್ಲಿಂದ? ಸದ್ದಿಲ್ಲವೆಂದು ನಿಶ್ಚಿಂತರಾಗಬೇಡಿ. ಮಕ್ಕಳು ನೀರಿನಲ್ಲಿರುವಷ್ಟು ಹೊತ್ತು ದೊಡ್ಡವರೊಬ್ಬರು ಅವರನ್ನು ಕಾಯುವುದಕ್ಕೆಂದೇ ಕೈಗೆಟಕುವ ದೂರದಲ್ಲಿ ನಿಂತಿರಬೇಕು. ಮೊಬೈಲು ಚೀಲದಲ್ಲಿರಲಿ. ‘ಎಲ್ಲರೂ ನೋಡುತ್ತಿದ್ದೇವೆ’ ಎಂದರೆ ಯಾರೂ ನೋಡುತ್ತಿಲ್ಲವೆಂದೇ ಅರ್ಥ.

ಮೊಣಕಾಲು ನೀರಿನಲ್ಲಿದ್ದ ಹುಡುಗ ಅಷ್ಟು ದೂರ ಹೋದದ್ದು ಹೇಗೆ? ದಡಕ್ಕೆ ಬಂದ ಅಲೆಯ ನೀರು ಹಿಂದಕ್ಕೆ ಹೋಗಲೇಬೇಕಲ್ಲವೇ? ಕೆಲವು ಕಡೆ ಆ ನೀರೆಲ್ಲ ಒಂದು ಓಣಿಯಲ್ಲಿ ನುಗ್ಗಿದಂತೆ ಒಟ್ಟಾಗಿ ಕಡಲಿನತ್ತ ಹರಿಯುತ್ತದೆ. ಒಳ್ಳೆಯ ಈಜುಗಾರರೂ ಈ ಸೆಳವಿಗೆ ಎದುರಾಗಿ ಈಜಲಾರರು. ಮೋಸವೆಂದರೆ, ಆ ಜಾಗದಲ್ಲಿ ಅಲೆಗಳು ಹೆಚ್ಚು ಒಡೆಯುವುದಿಲ್ಲ. ನೋಡಲು ಶಾಂತವಾಗಿ ಕಾಣುತ್ತದೆ. ‘ಇಲ್ಲಿ ಅಲೆ ಕಡಿಮೆ, ಇಲ್ಲೇ ಇಳಿಯೋಣ’ ಎಂದು ಹೊಸಬರು ಆರಿಸುವುದು ಅದೇ ಜಾಗವನ್ನು! ಸೆಳವಿಗೆ ಸಿಕ್ಕಿದರೆ ದಡದ ಕಡೆಗೆ ಈಜಿ ದಣಿಯಬೇಡಿ. ಅಂಗಾತ ತೇಲಿ, ಉಸಿರು ಉಳಿಸಿಕೊಳ್ಳಿ, ಕೈ ಎತ್ತಿ ನೆರವು ಕೇಳಿ. ಈಜು ಬಲ್ಲವರಾದರೆ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ಸೆಳವು ತಗ್ಗಿದ ಮೇಲೆ ದಡಕ್ಕೆ ತಿರುಗಬೇಕು.

ಅಳಿವೆಯ ಹತ್ತಿರವಂತೂ ನೀರಿಗಿಳಿಯಲೇಬಾರದು. ನಮ್ಮ ಗಂಗೊಳ್ಳಿಯಲ್ಲಿ ಪಂಚಗಂಗಾವಳಿ ಕಡಲು ಸೇರುವಂತೆ ನದಿ ಸೇರುವ ಕಡೆಗಳಲ್ಲೆಲ್ಲ ನೀರಿನ ಸೆಳೆತ, ತಳದ ಆಳ ಎರಡೂ ಬದಲಾಗುತ್ತಿರುತ್ತವೆ. ನಿನ್ನೆ ಸೊಂಟದುದ್ದ ನೀರಿದ್ದಲ್ಲಿ ಇಂದು ಆಳು ಮುಳುಗಬಹುದು. ಮರವಂತೆಯಲ್ಲಿ ಒಂದು ಬದಿಗೆ ಸೌಪರ್ಣಿಕಾ, ಇನ್ನೊಂದು ಬದಿಗೆ ಸಮುದ್ರ, ನಡುವೆ ಹೆದ್ದಾರಿ. ಕಣ್ತುಂಬ ನೋಡಬೇಕಾದ ಜಾಗ ನಿಜ. ಆದರೆ ಕಾರು ನಿಲ್ಲಿಸಿದ ಐದೇ ನಿಮಿಷದಲ್ಲಿ ನೀರಿಗಿಳಿಯುವವರನ್ನು ಕಂಡಾಗ ನನ್ನ ಎದೆ ಧಸಕ್ಕೆನ್ನುತ್ತದೆ. ಮೊದಲು ಹತ್ತು ನಿಮಿಷ ದಡದಲ್ಲಿ ನಿಂತು ಕಡಲನ್ನು ನೋಡಿ. ಅಲ್ಲಿಯವರನ್ನು ಕೇಳಿ. ಜೀವರಕ್ಷಕರಿದ್ದರೆ ಅವರು ತೋರಿಸಿದ ಜಾಗದಲ್ಲಿ ಮಾತ್ರ ಇಳಿಯಿರಿ.

ಕಾಲವೂ ಮುಖ್ಯ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿದೆ. ಮೀನಿನ ಸಂತಾನ ಉಳಿಯಲೆಂಬುದು ಇದರ ಮುಖ್ಯ ಉದ್ದೇಶ. ಕಡಲ ಅಬ್ಬರದಿಂದ ಜನರೂ ಉಳಿಯುತ್ತಾರೆ. ದೊಡ್ಡ ದೋಣಿಗಳೇ ಬಂದರಿನಲ್ಲಿ ನಿಂತಿರುವಾಗ ನಾವು ಬರಿಮೈಯಲ್ಲಿ ಇಳಿಯುವುದೆಂದರೇನು? ಏಪ್ರಿಲ್, ಮೇ ತಿಂಗಳನ್ನೂ ಪೂರ್ತಿ ನಂಬುವಂತಿಲ್ಲ. ದೂರದ ದಕ್ಷಿಣ ಸಾಗರದಲ್ಲಿ ಎದ್ದ ಬಿರುಗಾಳಿಯ ಅಲೆಗಳು ದಿನಗಟ್ಟಲೆ ಸಾಗಿ, ಇಲ್ಲಿ ಗಾಳಿ ಮಳೆ ಏನೂ ಇಲ್ಲದಾಗಲೇ ದಡಕ್ಕೆ ನುಗ್ಗುವುದುಂಟು. ಕೇರಳದವರು ಇದನ್ನು ‘ಕಳ್ಳ ಕಡಲು’ ಎನ್ನುತ್ತಾರೆ. ಎಷ್ಟು ಸರಿಯಾದ ಹೆಸರು! ಹೈದರಾಬಾದಿನಲ್ಲಿರುವ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರ ಇಂಥ ಅಲೆಗಳ ಮುನ್ಸೂಚನೆ ಕೊಡುತ್ತದೆ. ಮಳೆಯ ಸುದ್ದಿಯಂತೆ ಇದನ್ನೂ ಗಮನಿಸುವ ರೂಢಿ ಮಾಡಿಕೊಳ್ಳಿ.

ಹಾಗೆಂದು ಮಳೆಗಾಲವೊಂದೇ ಅಪಾಯಕಾರಿ ಎಂದು ತಿಳಿಯಬೇಡಿ. 2024ರಲ್ಲಿ ಮುರ್ಡೇಶ್ವರದಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ಕಡಲಿನ ಪಾಲಾದರು. ಅದು ಡಿಸೆಂಬರ್ ತಿಂಗಳು.

ಯಾರಾದರೂ ಮುಳುಗುತ್ತಿದ್ದರೆ ಏನು ಮಾಡಬೇಕು? ಹಿಂದೆಯೇ ಹಾರಬೇಡಿ. ಒಬ್ಬರನ್ನು ಉಳಿಸಲು ಹೋಗಿ ಇನ್ನೊಬ್ಬರೂ ಹೋದ ಮನೆಗಳು ನಮ್ಮ ಕರಾವಳಿಯಲ್ಲಿವೆ. ಹಗ್ಗ, ಕ್ಯಾನು, ಕಾರಿನ ಟ್ಯೂಬು, ಗಾಳಿ ತುಂಬಿದ ಚೆಂಡು, ತೇಲುವುದು ಏನಿದ್ದರೂ ಎಸೆಯಿರಿ. ಕೂಗಿ ಜನ ಸೇರಿಸಿ. 108 ಅಥವಾ 112ಕ್ಕೆ ಕರೆ ಮಾಡಿಸಿ.

ದಡಕ್ಕೆ ತಂದ ಮೇಲೆ ಕಾಲು ಹಿಡಿದು ತಲೆಕೆಳಗೆ ತೂಗುವುದು, ಗರಗರ ತಿರುಗಿಸುವುದು, ಹೊಟ್ಟೆ ಒತ್ತಿ ನೀರು ತೆಗೆಯುವುದು, ಇವು ಯಾವುವೂ ಬೇಡ. ಇದರಿಂದ ಅಮೂಲ್ಯ ನಿಮಿಷಗಳು ವ್ಯರ್ಥವಾಗುತ್ತವೆ. ವಾಂತಿ ಶ್ವಾಸಕೋಶಕ್ಕೆ ಇಳಿಯುವ ಭಯವೂ ಇದೆ. ಮುಳುಗಿದವರಿಗೆ ಬೇಕಾದುದು ಗಾಳಿ. ಉಸಿರಾಟವಿದ್ದರೆ ಒಂದು ಮಗ್ಗುಲಿಗೆ ಮಲಗಿಸಿ. ಇಲ್ಲದಿದ್ದರೆ ಅಂಗಾತ ಮಲಗಿಸಿ, ತಲೆಯನ್ನು ಸ್ವಲ್ಪ ಹಿಂದಕ್ಕೆ ವಾಲಿಸಿ, ಗಲ್ಲ ಎತ್ತಿ, ಮೂಗು ಮುಚ್ಚಿ, ಬಾಯಿಗೆ ಬಾಯಿಟ್ಟು ಎದೆ ಉಬ್ಬುವಂತೆ ಐದು ಬಾರಿ ಉಸಿರು ಕೊಡಿ. ಆಮೇಲೂ ಉಸಿರಾಟ ಬಾರದಿದ್ದರೆ ಎದೆಯ ನಡುವೆ ಅಂಗೈ ಬುಡವಿಟ್ಟು 30 ಬಾರಿ ಬಲವಾಗಿ ಒತ್ತಿ, ಎರಡು ಉಸಿರು ಕೊಡಿ. ಮತ್ತೆ 30, ಮತ್ತೆ ಎರಡು. ಒತ್ತುವ ವೇಗ ನಿಮಿಷಕ್ಕೆ 100ರಿಂದ 120. ದೊಡ್ಡವರಿಗೆ ಎದೆ ಸುಮಾರು ಎರಡು ಅಂಗುಲ ತಗ್ಗಬೇಕು. ನೆರವು ಬರುವವರೆಗೆ ನಿಲ್ಲಿಸಬೇಡಿ. ಎಚ್ಚರವಾಗಿ ಎದ್ದು ಕೂತರೂ ಆಸ್ಪತ್ರೆಗೆ ಹೋಗಲೇಬೇಕು, ಏಕೆಂದರೆ ಉಸಿರಾಟದ ತೊಂದರೆ ಕೆಲವು ಗಂಟೆಗಳ ನಂತರವೂ ಕಾಣಿಸಿಕೊಳ್ಳಬಹುದು. ನಮ್ಮ ಹುಡುಗನನ್ನೂ ಆ ರಾತ್ರಿ ಆಸ್ಪತ್ರೆಯಲ್ಲೇ ಇರಿಸಿ ನೋಡಿಕೊಂಡೆವು.

ಕಡಲಿನ ಮಾತಾಯಿತು. ದಡದಲ್ಲಿ ನೆನಪಿಡಬೇಕಾದ ನಾಲ್ಕು ಸಂಗತಿಗಳನ್ನೂ ಹೇಳಿಬಿಡುತ್ತೇನೆ. ಘಟ್ಟದ ಮೇಲಿನವರಿಗೆ ಇಲ್ಲಿಯ ಸೆಕೆ ತಿಳಿಯುವುದಿಲ್ಲ. ಗಾಳಿಯಲ್ಲಿ ತೇವ ಹೆಚ್ಚಿರುವುದರಿಂದ ಬೆವರು ಆರದು, ಮೈ ತಣಿಯದು. ಹಗಲು 11ರಿಂದ 4ರವರೆಗೆ ಮಕ್ಕಳೂ ಮುದುಕರೂ ನೆರಳಿನಲ್ಲಿರಲಿ. ನೀರು, ಮಜ್ಜಿಗೆ, ಎಳನೀರು, ಗಂಜಿತಿಳಿ ಆಗಾಗ ಕೊಡಿ. ಮೂತ್ರಪಿಂಡದ ಅಥವಾ ಹೃದಯದ ಕಾಯಿಲೆ ಇರುವವರು ಮಾತ್ರ ಎಷ್ಟು ಕುಡಿಯಬಹುದೆಂದು ತಮ್ಮ ವೈದ್ಯರನ್ನು ಕೇಳಬೇಕು. ಬಿಸಿಲಿನಲ್ಲಿದ್ದವರು ತೊದಲಿದರೆ, ಮಂಕಾದರೆ, ಮೈ ಸುಡುತ್ತಿದ್ದರೆ ತಣ್ಣೀರಿನಿಂದ ಮೈ ತೋಯಿಸಿ, ಗಾಳಿ ಹಾಕುತ್ತಾ ಆಸ್ಪತ್ರೆಗೆ ಒಯ್ಯಿರಿ. ಸಕ್ಕರೆ ಕಾಯಿಲೆಯವರು ಬರಿಗಾಲಲ್ಲಿ ಮರಳಿನ ಮೇಲೆ ನಡೆಯಬಾರದು. ಪಾದದ ಸ್ಪರ್ಶಜ್ಞಾನ ತಗ್ಗಿದ್ದರೆ ಸುಟ್ಟದ್ದೂ ತಿಳಿಯುವುದಿಲ್ಲ, ಚಿಪ್ಪು ಕೊಯ್ದದ್ದೂ ತಿಳಿಯುವುದಿಲ್ಲ.

ಮೀನು ತಿನ್ನುವ ಮನೆಯವರಿಗೆ ಒಂದು ಮಾತು. ಬಂಗುಡೆಯಂಥ ಮೀನನ್ನು ಐಸ್ ಇಲ್ಲದೆ ಹೊತ್ತು ಕಳೆದರೆ ಅದರಲ್ಲಿ ಹಿಸ್ಟಮಿನ್ ಎಂಬ ವಸ್ತು ಹೆಚ್ಚುತ್ತದೆ. ಎಷ್ಟು ಬೇಯಿಸಿದರೂ ಅದು ಹೋಗುವುದಿಲ್ಲ. ತಿಂದ ಸ್ವಲ್ಪ ಹೊತ್ತಿಗೆ ಮುಖ ಕೆಂಪಾಗಿ, ಮೈ ತುರಿಸಿ, ತಲೆನೋವು ಬರುತ್ತದೆ. ಪೇಟೆಯಿಂದ ತಂದ ಮೀನು ಸಂಜೆಯವರೆಗೆ ಕಾರಿನಲ್ಲಿ ಕೂರದಿರಲಿ.

ಕೊನೆಗೆ, ಕಡಲೂರಿನಲ್ಲೇ ವಾಸಿಸುವ ನಮ್ಮವರಿಗೊಂದು ಕೋರಿಕೆ. ಬಂದ ನೆಂಟರಿಗೆ ಕಡಲು ತೋರಿಸುವುದು ನಮಗೆ ಹೆಮ್ಮೆ. ಅದರ ಸ್ವಭಾವವನ್ನು ತಿಳಿಸಿಕೊಡುವುದೂ ನಮ್ಮದೇ ಹೊಣೆ. ಎಚ್ಚರಿಕೆಯ ಫಲಕ ನೆಟ್ಟರೆ ಪಂಚಾಯಿತಿಯ ಕೆಲಸ ಮುಗಿಯಿತೆಂದು ನಾನು ಒಪ್ಪುವುದಿಲ್ಲ. ಪ್ರತಿ ಫಲಕದ ಪಕ್ಕದಲ್ಲಿ ಒಂದು ಹಗ್ಗ, ಒಂದು ತೇಲುಬಳೆ ಇರಲಿ. ಕರಾವಳಿಯ ಪ್ರತಿ ಶಾಲೆಯಲ್ಲೂ ಮಕ್ಕಳು ಈಜು ಕಲಿಯಲಿ, ಎದೆ ಒತ್ತಿ ಉಸಿರು ಕೊಡುವುದನ್ನೂ ಕಲಿಯಲಿ. ಆ ಸಂಜೆ ನನ್ನ ಹುಡುಗನನ್ನು ಉಳಿಸಿದ ಸಾಧನಕ್ಕೆ ತಗುಲಿದ ಖರ್ಚೆಷ್ಟು? ಒಂದು ಖಾಲಿ ಕ್ಯಾನು, ಮತ್ತೊಂದು ಹಗ್ಗ. ಅಷ್ಟೆ.

ಮರುವರ್ಷವೂ ಆ ಹುಡುಗ ಬಂದ. ಬೇಡವೆನ್ನಲು ಮನಸ್ಸಾಗಲಿಲ್ಲ, ಅವನಿಗೆ ಕಡಲೆಂದರೆ ಪ್ರಾಣ. ಇಬ್ಬರೂ ದಂಡೆಗೆ ಹೋದೆವು. ಪಾದ ಮುಳುಗುವಷ್ಟು ನೀರಿನಲ್ಲಿ ಅವನು ಗಂಟೆಗಟ್ಟಲೆ ಕುಣಿದ. ಪಕ್ಕದಲ್ಲೇ ನಾನು ನಿಂತಿದ್ದೆ, ಕಡಲಿಗೆ ಮುಖ ಮಾಡಿ. ಪರಿಚಯದವರೊಬ್ಬರು ಹಿಂದಿನಿಂದ ಕರೆದರು. ತಿರುಗದೆಯೇ ಉತ್ತರ ಕೊಟ್ಟೆ. ಅವರು ಏನೆಂದುಕೊಂಡರೋ!

ನೀವೂ ಹಾಗೆಯೇ ಮಾಡಿ. ನಿಮ್ಮ ರಜೆ ಸುಖವಾಗಿರಲಿ.