ಹಂದಿಜ್ವರದ ಗುಪ್ತ ವಾಹಕಗಳು

ಆಫ್ರಿಕಾದ ಹಂದಿಜ್ವರವು 2020ರಲ್ಲಿ ಅಸ್ಸಾಂ ಮತ್ತು ಅರುಣಾಚಲಗಳಲ್ಲಿ ಕಾಣಿಸಿಕೊಂಡಂದಿನಿಂದ ಎಲ್ಲರ ಗಮನವೂ ಅದರತ್ತ ಹರಿದಿದೆ. ಆ ರೋಗವು ಘೋರವಾದುದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದರ ಗದ್ದಲದಲ್ಲಿ, ನಮ್ಮ ದೇಶದಲ್ಲಿ ಬಹುಕಾಲದಿಂದ ನೆಲೆಯೂರಿರುವ ಇನ್ನೊಂದು ಹಂದಿಜ್ವರವು ಮರೆಯಾಗುತ್ತಿರುವುದನ್ನು ನಾವು ವಿಷಾದದಿಂದ ಗಮನಿಸಿದ್ದೇವೆ. ಪಶುವೈದ್ಯರು ಇದನ್ನು ‘ಕ್ಲಾಸಿಕಲ್’ ಹಂದಿಜ್ವರವೆನ್ನುತ್ತಾರೆ. ಎರಡರ ಬಾಹ್ಯಲಕ್ಷಣಗಳೂ ಬಹುಮಟ್ಟಿಗೆ ಒಂದೇ. ವೈರಸ್ಸುಗಳು ಮಾತ್ರ ಬೇರೆ. ಎರಡೂ ಮನುಷ್ಯನಿಗೆ ತಗಲುವುದಿಲ್ಲ. ಈ ಹಳೆಯ ಜ್ವರಕ್ಕೆ 1964ರಿಂದಲೂ ನಮ್ಮಲ್ಲಿ ಲಸಿಕೆಯಿದೆ. ಹಾಗಿದ್ದೂ ಅದು ಅಳಿಯಲಿಲ್ಲವೇಕೆ?

ಕಾರಣದ ಒಂದು ಭಾಗ ಗರ್ಭದಲ್ಲಿಯೇ ಅಡಗಿದೆ. ಹಂದಿಯ ಗರ್ಭಕಾಲ ಸುಮಾರು 114 ದಿನ. ಅದರ ಪೂರ್ವಾರ್ಧದಲ್ಲಿ ಸೌಮ್ಯವಾದ ಸೋಂಕು ತಗಲಿದರೆ ತಾಯಿಯು ಹೆಚ್ಚು ಬಳಲದಿರಬಹುದು. ವೈರಸ್ಸು ಮಾತ್ರ ಭ್ರೂಣವನ್ನು ಸೇರುತ್ತದೆ. ತನ್ನದಾವುದು, ಪರಕೀಯವಾವುದು ಎಂಬ ವಿವೇಚನೆ ಇನ್ನೂ ಮೂಡದ ಭ್ರೂಣವು ಆ ವೈರಸ್ಸನ್ನು ತನ್ನದೆಂದೇ ಬಗೆಯುತ್ತದೆ. ಹುಟ್ಟಿದ ಮರಿಯು ನೋಡಲು ಆರೋಗ್ಯವಾಗಿಯೇ ಇರಬಹುದು. ಅದರ ರಕ್ತದಲ್ಲಿ ಪ್ರತಿರೋಧಕ ವಸ್ತುವನ್ನು ಹುಡುಕಿದರೂ ಸಾಮಾನ್ಯವಾಗಿ ದೊರೆಯದು. ಆದರೆ ಸಾಯುವವರೆಗೂ, ಅಂದರೆ ಹಲವು ತಿಂಗಳ ಕಾಲ, ಜೊಲ್ಲು ಮಲಮೂತ್ರಗಳೊಡನೆ ಅದು ರೋಗವನ್ನು ಹರಡುತ್ತಲೇ ಇರುತ್ತದೆ. ಇಂಥ ಮರಿಗೆ ಲಸಿಕೆ ಹಾಕಿಯೂ ಪ್ರಯೋಜನವಿಲ್ಲ. ಸಂತೆಯಲ್ಲಿ ಅದನ್ನು ಕೊಂಡ ಬಡವನು ಹಣ ತೆತ್ತು ರೋಗವನ್ನು ಮನೆಗೆ ಕರೆತಂದಂತಾಯಿತು. ನಗರಗಳ ಹೋಟೆಲುಗಳಿಂದ ಹೋಗುವ ಮುಸುರೆಯಲ್ಲಿ ಬೇಯದ ಹಂದಿಮಾಂಸದ ಚೂರುಗಳಿದ್ದರೆ ಅದೂ ಸೋಂಕಿಗೆ ಇನ್ನೊಂದು ದಾರಿ. ಕುದಿಸಿ ಹಾಕುವವರೆಷ್ಟು ಮಂದಿ?

ಆದುದರಿಂದ ಜ್ವರ ಬಂದ ಹಂದಿಗಳನ್ನು ಕೊಂದುಬಿಟ್ಟರೆ ಕೆಲಸ ಮುಗಿಯಿತೆಂದು ಅಧಿಕಾರಿಗಳು ಭಾವಿಸಬಾರದು. ಗರ್ಭಧಾರಣೆಗೆ ಮೊದಲೇ ಹೆಣ್ಣುಹಂದಿಗಳಿಗೆ ಲಸಿಕೆ ದೊರೆಯಬೇಕು. ಹಿಂದೆ ಇದು ಅಸಾಧ್ಯವೇ ಆಗಿದ್ದಿತು. ಮೊಲಗಳಿಂದ ತಯಾರಿಸುತ್ತಿದ್ದ ಲಸಿಕೆ, ಒಂದು ಮೊಲವನ್ನು ಕೊಂದರೆ ಸುಮಾರು 50 ಡೋಸು! 2020ರ ಸರ್ಕಾರಿ ಲೆಕ್ಕದಂತೆ ವರ್ಷಕ್ಕೆ ಬೇಕಾದುದು 2 ಕೋಟಿ 20 ಲಕ್ಷ ಡೋಸು. ತಯಾರಾಗುತ್ತಿದ್ದುದು 12 ಲಕ್ಷ ಮಾತ್ರ. ಅದೇ ವರ್ಷದ ಫೆಬ್ರವರಿಯಲ್ಲಿ, ಮೊಲದ ಹಂಗಿಲ್ಲದೆ ಜೀವಕೋಶಗಳ ಕೃಷಿಯಿಂದ ತಯಾರಿಸಿದ ಲಸಿಕೆಯೊಂದು ಬಿಡುಗಡೆಯಾಯಿತು. ಇಜ್ಜತ್‌ನಗರದ ಭಾರತೀಯ ಪಶುವೈದ್ಯ ಸಂಶೋಧನಾ ಸಂಸ್ಥೆಯು ಇದನ್ನು ರೂಪಿಸಿತು. ಅಂದು ಹೇಳಿದಂತೆ ಅದರ ವೆಚ್ಚ ಡೋಸಿಗೆ ಎರಡು ರೂಪಾಯಿಗೂ ಕಡಿಮೆ. ಕೇಂದ್ರದ ರೋಗನಿಯಂತ್ರಣ ಯೋಜನೆಯಲ್ಲಿಯೂ ಈ ಜ್ವರಕ್ಕೆ ಸ್ಥಾನ ದೊರೆತಿದೆ.

ಇನ್ನು ಲಸಿಕೆಯಿಲ್ಲವೆಂಬ ನೆಪ ಉಳಿಯಲಾರದು. ಎರಡು ಮೂರು ಹಂದಿಗಳನ್ನಷ್ಟೇ ನಂಬಿರುವ ಕುಟುಂಬಗಳ ಗುಡಿಸಲಿನವರೆಗೆ ಅದನ್ನು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು ಒಯ್ಯುವ ಜನರನ್ನು ರಾಜ್ಯ ಸರ್ಕಾರಗಳು ನೇಮಿಸಬೇಕಾಗಿದೆ.