‘ಆಗಲ್ಲ’ ಅನ್ನೋದಕ್ಕೆ ಎಷ್ಟು ಇಂಗ್ಲಿಷ್ ಬೇಕು ಸ್ವಾಮಿ?

ಹೋದ ವಾರ ನಮ್ಮ ಆಫೀಸಿನಲ್ಲಿ ಎರಡು ದಿನದ ಟ್ರೇನಿಂಗ್ ಇತ್ತು. ವಿಷಯ, ಬಿಸಿನೆಸ್ ವೊಕ್ಯಾಬ್ಯುಲರಿ. ಎಸಿ ರೂಮು, ಎರಡು ಹೊತ್ತು ಕಾಫಿ ಬಿಸ್ಕತ್ತು, ಮಧ್ಯಾಹ್ನ ಪುಲಾವ್. ಎರಡು ದಿನ ಕೋಡ್ ಬರೆಯೋದು ತಪ್ಪಿತಲ್ಲ ಅಂತ ಖುಷಿಯಾಗೇ ಹೋಗಿ ಕೂತೆ. ಕೈಗೊಂದು ಹಾಳೆ ಕೊಟ್ಟರು. ಎಡಗಡೆ ನಾವು ಬಳಸಬಾರದ ಪದಗಳು, ಬಲಗಡೆ ಅವುಗಳ ಬದಲು ಬಳಸಬೇಕಾದವು.

‘ಪ್ರಾಬ್ಲಮ್’ ಅನ್ನಬಾರದು, ‘ಚಾಲೆಂಜ್’ ಅನ್ನಬೇಕು. ‘ಯೂಸ್’ ಬೇಡ, ‘ಲೆವರೇಜ್’ ಬೇಕು. ‘ಐ ಡೋಂಟ್ ನೋ’ ಅಂತೂ ಬಾಯಲ್ಲೇ ಬರಬಾರದು, ‘ಲೆಟ್ ಮಿ ಸರ್ಕಲ್ ಬ್ಯಾಕ್’ ಅನ್ನಬೇಕು. ಕೈತುಂಬ ಕೆಲಸ ಇದೆ, ಆಗಲ್ಲ ಅನ್ನುವುದಕ್ಕೆ ‘ಬ್ಯಾಂಡ್‌ವಿಡ್ತ್ ಕನ್‌ಸ್ಟ್ರೇಂಟ್’. ತಪ್ಪಾಯ್ತು ಅನ್ನುವುದಕ್ಕೆ ‘ಲರ್ನಿಂಗ್ ಆಪರ್ಚುನಿಟಿ’!

ಪಾಠ ಮಾಡಿದವರ ಮೇಲೆ ನನಗೇನೂ ಸಿಟ್ಟಿಲ್ಲ. ಒಳ್ಳೆಯ ಮನುಷ್ಯ, ನಗಿಸುತ್ತಾ ಹೇಳಿಕೊಟ್ಟರು. ಸಿಟ್ಟು ಬಂದದ್ದು ಬೇರೆ ಕಾರಣಕ್ಕೆ. ಪಕ್ಕದ ಕುರ್ಚಿಯಲ್ಲಿ ನನ್ನ ಗೆಳೆಯ ಕೂತಿದ್ದ. ನಾನು ಟೈಂಪಾಸಿಗೆ ಹೋದವನು, ಅವನನ್ನು ಕಡ್ಡಾಯವಾಗಿ ಕಳಿಸಿದ್ದರು. ಅವನಿಗೆ ಕಮ್ಯುನಿಕೇಶನ್ ಪ್ರಾಬ್ಲಮ್ ಇದೆಯಂತೆ. (ಕ್ಷಮಿಸಿ, ಚಾಲೆಂಜ್ ಇದೆಯಂತೆ.)

ಆ ಕಥೆ ಕೇಳಿ.

ಅವನು ಹಾವೇರಿ ಕಡೆಯ ಹುಡುಗ. ಹತ್ತನೇ ಕ್ಲಾಸಿನ ತನಕ ಕನ್ನಡ ಮೀಡಿಯಂ. ನಾವು ಮಾಡುತ್ತಿದ್ದದ್ದು ಗಿರಾಕಿಗಳು ಆನ್‌ಲೈನಿನಲ್ಲಿ ದುಡ್ಡು ಕಟ್ಟುವ ಸಾಫ್ಟ್‌ವೇರು. ಬ್ಯಾಂಕಿನಿಂದ ಉತ್ತರ ಬರುವುದು ತಡವಾದರೆ ನಮ್ಮ ಕೋಡು ಅದೇ ರಿಕ್ವೆಸ್ಟನ್ನು ಇನ್ನೊಂದು ಸಲ ಕಳಿಸುತ್ತಿತ್ತು. ಮೊದಲನೆಯದು ಬ್ಯಾಂಕಿನಲ್ಲಿ ಆಗಲೇ ನಡೆದುಹೋಗಿದ್ದರೆ? ಎರಡನೆಯದೂ ನಡೆಯುತ್ತದೆ. ಇದನ್ನು ತಡೆಯೋಕೆ ಪ್ರತಿ ಪಾವತಿಗೂ ಒಂದು ಗುರುತಿನ ನಂಬರ್ ಕೊಟ್ಟು, ಅದೇ ನಂಬರ್ ಮತ್ತೆ ಬಂದರೆ ‘ಇದು ಹಳೆಯದೇ, ಬಿಡು’ ಅನ್ನುವ ಹಾಗೆ ಮಾಡಬೇಕು. ಆ ತಡೆ ನಮ್ಮಲ್ಲಿ ಇರಲಿಲ್ಲ. ಅದನ್ನು ಕಂಡುಹಿಡಿದವನು ಅವನು.

‘ಲೇ, ಇಲ್ನೋಡ್ಲೇ, ಮಂದಿ ರೊಕ್ಕ ಎರಡೆರಡು ಸಲ ಕಟ್ ಆಗ್ತೈತಿ’ ಅಂತ ನನಗೆ ತೋರಿಸಿದ. ಆಮೇಲೆ ಇಂಗ್ಲಿಷಿನಲ್ಲಿ ಮೂರು ಸಾಲಿನ ಮೇಲ್ ಬರೆದ. ಗಿರಾಕಿಗಳ ದುಡ್ಡು ಎರಡು ಸಲ ಕಟ್ ಆಗುತ್ತದೆ. ಬ್ಯಾಂಕಿನ ಉತ್ತರ ತಡವಾದರೆ ನಾವು ಮತ್ತೆ ಕಳಿಸುತ್ತಿದ್ದೇವೆ. ಶುಕ್ರವಾರ ರಿಲೀಸ್ ಮಾಡಬೇಡಿ. ಅಷ್ಟೇ. ಎಲ್ಲೋ ಒಂದು ಕಡೆ ‘ದ’ ಬಿಟ್ಟುಹೋಗಿತ್ತು, ಒಂದು ಕ್ರಿಯಾಪದ ಸರಿ ಇರಲಿಲ್ಲ. ಅರ್ಥ ಆಗದೇ ಇರುವಂಥದ್ದು ಏನೂ ಇರಲಿಲ್ಲ.

ಮ್ಯಾನೇಜರ್ ನನ್ನನ್ನು ಕರೆದರು. ‘ಕ್ಲೈಂಟಿಗೂ ಕಾಪಿ ಹೋಗುತ್ತೆ, ಟೋನ್ ತುಂಬಾ ಒರಟು. ನಿಮ್ಮ ಇಂಗ್ಲಿಷ್ ಚೆನ್ನಾಗಿದೆ, ಸ್ವಲ್ಪ ಪಾಲಿಶ್ ಮಾಡಿ ಕಳಿಸಿ’ ಅಂದರು. ಹೊಗಳಿಕೆ ಕೇಳಿ ಉಬ್ಬಿಹೋದೆ. ಕೂತು ಪಾಲಿಶ್ ಮಾಡಿದೆ. ‘ಸರ್ಟನ್ ಲೇಟೆನ್ಸಿ ಕಂಡಿಶನ್’ಗಳಲ್ಲಿ ‘ಪೊಟೆನ್ಷಿಯಲ್ ಟ್ರಾನ್ಸಾಕ್ಷನಲ್ ಅನಾಮಲಿ’ ಕಂಡುಬರಬಹುದು, ಇದನ್ನು ‘ಪೋಸ್ಟ್ ಗೋ-ಲೈವ್ ರೀವಿಸಿಟ್’ ಮಾಡುವುದು ಸೂಕ್ತ ಅಂತ. ಓದೋಕೆ ಬಹಳ ಚೆನ್ನಾಗಿತ್ತು. ನಾಲ್ಕು ಜನ ‘ನೋಟೆಡ್, ಥ್ಯಾಂಕ್ಸ್’ ಅಂದರು. ಶುಕ್ರವಾರ ರಿಲೀಸ್ ಆಯಿತು.

ಮುಂದಿನದ್ದು ನಿಮಗೇ ಗೊತ್ತು. ಸೋಮವಾರ ಫೋನಿನ ಮೇಲೆ ಫೋನು. ಮನೆ ಬಾಡಿಗೆಗೆ ಇಟ್ಟುಕೊಂಡಿದ್ದ ದುಡ್ಡು ಎರಡು ಸಲ ಕಟ್ ಆಗಿ ಖಾತೆ ಖಾಲಿಯಾಗಿದೆ ಅಂತ ಒಬ್ಬರು ಬರೆದಿದ್ದ ದೂರು ನನಗೆ ಇವತ್ತಿಗೂ ನೆನಪಿದೆ. ದುಡ್ಡು ವಾಪಸ್ಸೇನೋ ಹೋಯಿತು, ಆದರೆ ದಿನಗಳು ಹಿಡಿದವು. ಕಾರಣ ಹುಡುಕುವ ಮೀಟಿಂಗಿನಲ್ಲಿ ತೀರ್ಮಾನ ಏನಾಯಿತು ಗೊತ್ತಾ? ‘ಕಮ್ಯುನಿಕೇಶನ್ ಗ್ಯಾಪ್’. ಆ ವರ್ಷದ ಅಪ್ರೈಸಲ್‌ನಲ್ಲಿ ನನಗೆ ‘ಎಕ್ಸಲೆಂಟ್ ಕಮ್ಯುನಿಕೇಟರ್’ ಅಂತ ಬರೆದರು. ಅವನಿಗೆ ಟ್ರೇನಿಂಗ್ ಬರೆದರು.

ಈಗ ಹೇಳಿ, ಸಂವಹನ ಯಾರದ್ದು ಚೆನ್ನಾಗಿತ್ತು?

‘ಒಂದು ಆಫೀಸಿನ ಕಥೆ ಇಟ್ಟುಕೊಂಡು ಎಲ್ಲರನ್ನೂ ಬೈಯ್ಯಬೇಡ ಮಾರಾಯ’ ಅಂತೀರೇನೋ. ಹಾಗಾದರೆ ದೊಡ್ಡ ಕಥೆ ಕೇಳಿ. 2003ರ ಫೆಬ್ರವರಿ 1ರಂದು ಕೊಲಂಬಿಯಾ ನೌಕೆ ಭೂಮಿಗೆ ಮರಳುವಾಗ ಚೂರಾಗಿ ನಮ್ಮ ಕಲ್ಪನಾ ಚಾವ್ಲಾ ಸೇರಿ ಏಳು ಜನ ತೀರಿಕೊಂಡರು. ಮೇಲೆ ಹಾರುವಾಗಲೇ ಇಂಧನ ಟ್ಯಾಂಕಿನ ಫೋಮ್ ಕಳಚಿ ನೌಕೆಯ ಎಡ ರೆಕ್ಕೆಗೆ ಬಡಿದಿತ್ತು. ಅವರು ಇನ್ನೂ ಮೇಲೆ ಸುತ್ತುತ್ತಿರುವಾಗಲೇ ಎಂಜಿನಿಯರುಗಳು ಆ ಪೆಟ್ಟಿನ ಬಗ್ಗೆ ಸ್ಲೈಡುಗಳನ್ನು ಮಾಡಿ ನಾಸಾ ಅಧಿಕಾರಿಗಳಿಗೆ ತೋರಿಸಿದ್ದರು. ಬಡಿದ ಫೋಮ್ ತುಂಡು ಅವರ ಪರೀಕ್ಷೆಯ ಲೆಕ್ಕದಲ್ಲಿದ್ದ ತುಂಡಿಗಿಂತ 640 ಪಟ್ಟು ದೊಡ್ಡದು. ಅಂದರೆ ಆ ಪರೀಕ್ಷೆಯಿಂದ ಏನೂ ಹೇಳೋಕಾಗಲ್ಲ! ಈ ಮಾತು ಇದ್ದದ್ದು ಸ್ಲೈಡಿನ ಕಟ್ಟಕಡೆಯಲ್ಲಿ, ಸಣ್ಣ ಅಕ್ಷರದಲ್ಲಿ. ಅದೇ ಸ್ಲೈಡಿನಲ್ಲಿ ‘ಸಿಗ್ನಿಫಿಕೆಂಟ್’ ಅನ್ನುವ ಪದ ಬೇರೆಬೇರೆ ರೂಪದಲ್ಲಿ ಐದು ಸಲ, ಒಂದೊಂದು ಕಡೆ ಒಂದೊಂದು ಅರ್ಥದಲ್ಲಿ ಬಂದಿದೆ ಅಂತ ಎಡ್ವರ್ಡ್ ಟಫ್ಟಿ ಎತ್ತಿ ತೋರಿಸಿದರು. ತನಿಖಾ ಮಂಡಳಿ ತನ್ನ ವರದಿಯಲ್ಲಿ ಅದನ್ನು ಸೇರಿಸಿಕೊಂಡಿತು. ‘ಸಿಗ್ನಿಫಿಕೆಂಟ್’ ನಮ್ಮ ಹಾಳೆಯಲ್ಲೂ ಇತ್ತು ಕಣ್ರೀ, ಬಲಗಡೆ!

ಇನ್ನೊಂದು, ಇಂಗ್ಲಿಷ್ ಮನೆಮಾತಲ್ಲದ ನಮ್ಮಂಥವರಿಗೆ ಹತ್ತಿರದ್ದು. 1990ರ ಜನವರಿ 25. ಕೊಲಂಬಿಯಾ ದೇಶದಿಂದ ನ್ಯೂಯಾರ್ಕಿಗೆ ಹೊರಟ ಅವಿಯಾಂಕಾ 52 ವಿಮಾನ. ಕೆಟ್ಟ ಹವೆ, ವಿಮಾನಗಳ ದಟ್ಟಣೆ. ಒಟ್ಟು ಒಂದು ಗಂಟೆಗೂ ಹೆಚ್ಚು ಹೊತ್ತು ಆಕಾಶದಲ್ಲೇ ಸುತ್ತಿಸಿದರು. ಇಂಧನ ಮುಗಿಯುತ್ತಾ ಬಂತು. ‘ಎಮರ್ಜೆನ್ಸಿ ಅಂತ ಹೇಳು’ ಅಂತ ಕ್ಯಾಪ್ಟನ್ ತನ್ನ ಸಹ ಪೈಲಟ್‌ಗೆ ಹೇಳಿದ್ದೂ ಧ್ವನಿಮುದ್ರಣದಲ್ಲಿದೆ. ಸಹ ಪೈಲಟ್ ‘ಪ್ರಯಾರಿಟಿ’ ಅಂದ, ‘ಇಂಧನ ಮುಗೀತಾ ಇದೆ’ ಅಂದ. ‘ಎಮರ್ಜೆನ್ಸಿ’ ಅನ್ನುವ ಆ ಒಂದು ಪದ ಕಂಟ್ರೋಲ್ ರೂಮಿಗೆ ಹೋಗಲೇ ಇಲ್ಲ. ವಿಮಾನ ಬಿತ್ತು, 158 ಜನರಲ್ಲಿ 73 ಜನ ಸತ್ತರು. ಅಪಘಾತಕ್ಕೆ ಬೇರೆ ಕಾರಣಗಳೂ ಇದ್ದವು, ಇಲ್ಲ ಅನ್ನಲ್ಲ. ಆದರೆ ಆ ಹೊತ್ತಿಗೆ ಬೇಕಾಗಿದ್ದದ್ದು ನಯವಾದ ಪದ ಅಲ್ಲ, ನೇರವಾದ ಪದ.

ಹಾಗಂತ ವೊಕ್ಯಾಬ್ಯುಲರಿಯೇ ಬೇಡ ಅನ್ನುವವನು ನಾನಲ್ಲ. ಬೇಕು, ಖಂಡಿತ ಬೇಕು. ಇನ್‌ವಾಯ್ಸಿಗೂ ರಸೀದಿಗೂ ವ್ಯತ್ಯಾಸ ಗೊತ್ತಿರಬೇಕು. ವಹಿವಾಟು ಬೇರೆ, ಲಾಭ ಬೇರೆ ಅನ್ನೋದು ಗೊತ್ತಿರಬೇಕು. ಎಸ್ಟಿಮೇಟಿಗೂ ಕಮಿಟ್‌ಮೆಂಟಿಗೂ ಇರುವ ಅಂತರ ಗೊತ್ತಿಲ್ಲದೆ ಎಷ್ಟು ಜನ ಶನಿವಾರ ಭಾನುವಾರ ಕಳೆದುಕೊಂಡಿಲ್ಲ? ಲೆವರೇಜ್ ಕೂಡ ಒಳ್ಳೆಯ ಪದವೇ. ಲೆವರ್ ಅಂದರೆ ಸನ್ನೆಗೋಲು, ಸಣ್ಣ ಬಲದಿಂದ ದೊಡ್ಡ ಭಾರ ಎತ್ತುವುದು. ಸಾಲದ ದುಡ್ಡಲ್ಲಿ ದೊಡ್ಡ ಬಂಡವಾಳ ಹೂಡಿದರೆ ಅದು ಲೆವರೇಜ್. ಎಕ್ಸೆಲ್ ಶೀಟ್ ತೆರೆದು ಕೂಡಿಸಿ ಕಳೆಯೋದೂ ಲೆವರೇಜಾ? ಕೆಲಸದ ಪದಗಳನ್ನು ಅವುಗಳ ಅರ್ಥದ ಸಮೇತ ಕಲಿಸಿ, ಮೊದಲ ಬೆಂಚಿನಲ್ಲಿ ನಾನೇ ಕೂರುತ್ತೇನೆ. ಹಳ್ಳಿಯಿಂದ ಬಂದ ಹುಡುಗರಿಗೆ ಮೀಟಿಂಗಿನಲ್ಲಿ ಬಾಯಿ ಬಿಡುವ ಧೈರ್ಯ ಕಲಿಸಿ, ಕೈ ಮುಗಿಯುತ್ತೇನೆ. ನೀವು ಕಲಿಸ್ತಾ ಇರೋದು ಅದಲ್ಲವಲ್ಲ. ಗೊತ್ತಿಲ್ಲ, ಆಗಲ್ಲ, ತಪ್ಪಾಯ್ತು ಅನ್ನುವ ಮೂರು ಮಾತುಗಳನ್ನು ಹೇಳದೇ ಇರುವುದು ಹೇಗೆ ಅಂತ.

‘ಫಾರಿನ್ ಕ್ಲೈಂಟ್‌ಗಳಿಗೆ ಹಾಗೆ ಮಾತಾಡಿದರೇ ಇಷ್ಟ’ ಅನ್ನೋದು ಇನ್ನೊಂದು ವಾದ. ಸರಿ, ಆ ಫಾರಿನ್ನಿನವರು ಏನು ಮಾಡಿದ್ದಾರೆ ನೋಡೋಣ. ಯುದ್ಧದ ನಡುವೆ, 1940ರ ಆಗಸ್ಟಿನಲ್ಲಿ, ಚರ್ಚಿಲ್ ತನ್ನ ಅಧಿಕಾರಿಗಳಿಗೆ ವರದಿಗಳನ್ನು ಚಿಕ್ಕದಾಗಿ, ನೇರವಾಗಿ ಬರೆಯಿರಿ ಅಂತ ಟಿಪ್ಪಣಿ ಕಳಿಸಿದ. 1948ರಲ್ಲಿ ಅಲ್ಲಿನ ಸರ್ಕಾರಿ ನೌಕರರಿಗಾಗಿಯೇ ಅರ್ನೆಸ್ಟ್ ಗವರ್ಸ್ ‘ಪ್ಲೇನ್ ವರ್ಡ್ಸ್’ ಬರೆದರು. ಅಮೆರಿಕದಲ್ಲಿ 2010ರಲ್ಲಿ ‘ಪ್ಲೇನ್ ರೈಟಿಂಗ್ ಆಕ್ಟ್’ ಅಂತ ಕಾನೂನೇ ಆಯಿತು, ಕೇಂದ್ರ ಸರ್ಕಾರದ ಇಲಾಖೆಗಳು ಜನರಿಗೆ ಅರ್ಥ ಆಗುವ ಹಾಗೆ ಬರೆಯಬೇಕು ಅಂತ. 2023ರಲ್ಲಿ ಸರಳ ಭಾಷೆಗೆ ಐಎಸ್‌ಒ ಮಾನದಂಡ ಕೂಡ ಬಂತು. ಅಲ್ಲಿ ಗುಡಿಸಿ ಹೊರಗೆ ಹಾಕೋಣ ಅಂತಿರುವ ಕಸವನ್ನು ನಾವು ಫೀಸು ಕೊಟ್ಟು ಒಳಗೆ ತರುತ್ತಿದ್ದೇವೆ!

ತಮಾಷೆ ಏನು ಗೊತ್ತಾ, ಹಾಳೆಯ ಎಡಗಡೆ ‘ಪ್ರಿಪೋನ್’ ಕೂಡ ಇತ್ತು. ಅದು ಇಂಗ್ಲಿಷೇ ಅಲ್ಲವಂತೆ. ಆಕ್ಸ್‌ಫರ್ಡ್ ನಿಘಂಟಿನಲ್ಲಿ ಇದೆ ಸ್ವಾಮಿ. ಮುಂದೆ ಹಾಕೋದು ಪೋಸ್ಟ್‌ಪೋನ್ ಆದರೆ ಹಿಂದಕ್ಕೆ ತರೋದು ಪ್ರಿಪೋನ್. ಕೇಳಿದ ತಕ್ಷಣ ಅರ್ಥ ಆಗುತ್ತೆ. ಅರ್ಥ ಆಗುತ್ತೆ ಅನ್ನೋದೇ ಅದರ ತಪ್ಪೇನೋ.

ಇದು ಬರೀ ಇಂಗ್ಲಿಷಿನ ರೋಗ ಅಂತ ನಾವು ಕನ್ನಡದವರು ಬೀಗುವ ಹಾಗೂ ಇಲ್ಲ. ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಕಡತವು ಪರಿಶೀಲನೆಯಲ್ಲಿದ್ದು, ನಿಯಮಾನುಸಾರ ಅಗತ್ಯ ಕ್ರಮ ಕೈಗೊಳ್ಳಲಾಗುವುದು’ ಅನ್ನುವ ಪತ್ರ ಯಾರ ಮನೆಗೆ ಬಂದಿಲ್ಲ? ಯಾರು ಮಾಡುತ್ತಾರೆ, ಯಾವಾಗ ಮಾಡುತ್ತಾರೆ, ಮಾಡುತ್ತಾರೋ ಇಲ್ಲವೋ, ಒಂದೂ ಇಲ್ಲ. ‘ಕೈಗೊಳ್ಳಲಾಗುವುದು’ ಅಂದರೆ ಯಾರ ಕೈಯಪ್ಪಾ? ನನ್ನ ‘ಅನಾಮಲಿ ಕಂಡುಬರಬಹುದು’ ಕೂಡ ಇದೇ ಜಾತಿ. ಕರ್ತೃ ಮಾಯ, ಜವಾಬ್ದಾರಿಯೂ ಮಾಯ.

ಈಗಂತೂ ಮೇಲನ್ನು ಪಾಲಿಶ್ ಮಾಡೋಕೆ ನಾನೂ ಬೇಕಿಲ್ಲ. ಎಐಗೆ ‘ಪ್ರೊಫೆಶನಲ್ ಆಗಿ ಬರೆದುಕೊಡು’ ಅಂದರೆ ನಿಮಿಷದೊಳಗೆ ರೆಡಿ. ಅಂದರೆ ಆ ಹಾಳೆಯ ಬಲಗಡೆಯ ಪದಗಳಿಗೆ ಇನ್ನು ಮೂರು ಕಾಸಿನ ಬೆಲೆಯೂ ಇಲ್ಲ. ದುಡ್ಡು ಎರಡು ಸಲ ಕಟ್ ಆಗುತ್ತೆ ಅಂತ ಮೊದಲು ಕಾಣುವ ಕಣ್ಣು, ಕಂಡದ್ದನ್ನು ಹೇಳುವ ಬಾಯಿ, ಬೆಲೆ ಇರುವುದು ಅದಕ್ಕೆ.

ನಾನು ಈಗ ಒಂದು ಅಭ್ಯಾಸ ಮಾಡಿಕೊಂಡಿದ್ದೇನೆ. ಮೇಲ್ ಬರೆಯುವ ಮೊದಲು ಆ ವಿಷಯವನ್ನು ಊರಿಗೆ ಫೋನ್ ಮಾಡಿ ಅಮ್ಮನಿಗೆ ಹೇಳುವ ಹಾಗೆ ಮನಸ್ಸಿನಲ್ಲೇ ಕನ್ನಡದಲ್ಲಿ ಹೇಳಿಕೊಳ್ಳುತ್ತೇನೆ. ಹೇಳೋಕೆ ಬರಲಿಲ್ಲ ಅಂದರೆ ನನಗೇ ಅರ್ಥ ಆಗಿಲ್ಲ, ಇಲ್ಲವೇ ಏನೋ ಮುಚ್ಚಿಡುತ್ತಿದ್ದೇನೆ ಅಂತ ಲೆಕ್ಕ. ಆಮೇಲೆ ಇಂಗ್ಲಿಷಿನಲ್ಲಿ ಬರೆಯುತ್ತೇನೆ. ಮೇಲ್‌ಗಳು ಚಿಕ್ಕದಾಗಿವೆ. ‘ಟೋನ್ ಸ್ವಲ್ಪ ನೋಡಿಕೊಳ್ಳಿ’ ಅಂತ ನನಗೂ ಎರಡು ಸಲ ಹೇಳಿಸಿಕೊಂಡಿದ್ದೂ ಆಯಿತು.

ಟ್ರೇನಿಂಗಿನ ಎರಡನೇ ದಿನ ಕಾಫಿ ಕುಡಿಯುವಾಗ ಗೆಳೆಯನ ಹತ್ತಿರ, ‘ಅವತ್ತು ನಿನ್ನ ಮೇಲ್ ಕೆಡಿಸಿದವನು ನಾನೇ ಕಣೋ, ತಪ್ಪಾಯ್ತು’ ಅಂದೆ. ‘ಗೊತ್ತೈತಿ ಬಿಡ್ಲೇ. ಆದ್ರ ನೀ ಮೀಟಿಂಗಿನ್ಯಾಗ ಅಂದಿದ್ರ ಛಲೋ ಇತ್ತು’ ಅಂದ.

ಅವನು ಹೇಳಿದ್ದು ಸರಿ. ನಾಳೆ ನಮ್ಮ ಟೀಮ್ ಮೀಟಿಂಗ್ ಇದೆ. ಅವನ ಹಳೆಯ ಮೂರು ಸಾಲಿನ ಮೇಲನ್ನು ಪ್ರಿಂಟ್ ತೆಗೆದು ಇಟ್ಟುಕೊಂಡಿದ್ದೇನೆ, ‘ದ’ ಇಲ್ಲದ ಹಾಗೆಯೇ.

ನಿಮ್ಮ ಆಫೀಸುಗಳಲ್ಲಿ ಹೇಗೆ? ಎಂಥೆಂಥ ಪದಗಳಿವೆ? ನೀವೂ ಬರೆಯಿರಿ.