ಒಂದು ಕಾಲಕ್ಕೆ ಕಸವೆಂದು ಹೆಸರಿಡಬಹುದೇ?

ಅಮೆರಿಕದಲ್ಲಿ ಬೇಸ್‌ಬಾಲ್ ಆಟಗಾರರ ಚಿತ್ರವಿರುವ ಕಾರ್ಡುಗಳನ್ನು ಸಂಗ್ರಹಿಸುವವರು ಬಹುಮಂದಿ. ಅವುಗಳ ಇತಿಹಾಸವನ್ನು ಅವರು ಯುಗಗಳಾಗಿ ವಿಂಗಡಿಸಿದ್ದಾರೆ: ಯುದ್ಧಪೂರ್ವ, ವಿಂಟೇಜ್, ಜಂಕ್ ವ್ಯಾಕ್ಸ್, ಮಾಡರ್ನ್, ಅದೂ ಸಾಲದೆ ಅಲ್ಟ್ರಾ ಮಾಡರ್ನ್. ಬದುಕಿಡೀ ಮಕ್ಕಳಿಗೆ ಚರಿತ್ರೆ ಕಲಿಸಿದ ನನಗೆ ಈ ಪಟ್ಟಿಯನ್ನು ಕಂಡು ಸುಮ್ಮನಿರಲಾಗುತ್ತಿಲ್ಲ. ಮೊದಲ ಹೆಸರು ಯುದ್ಧದಿಂದ ಬಂದದ್ದು, ಎರಡನೆಯದು ವಯಸ್ಸಿನಿಂದ, ಮೂರನೆಯದು ಬೆಲೆಯಿಂದ. ಒಂದೇ ರಾಶಿಯನ್ನು ಒಮ್ಮೆ ಮೊಳದಲ್ಲಿ, ಒಮ್ಮೆ ಸೇರಿನಲ್ಲಿ ಅಳೆದಂತೆ.

ಯುದ್ಧಪೂರ್ವವೆಂಬುದನ್ನು ಒಪ್ಪೋಣ, ಎರಡನೆಯ ಮಹಾಯುದ್ಧದಲ್ಲಿ ಕಾರ್ಡುಗಳ ಮುದ್ರಣ ಬಹುಮಟ್ಟಿಗೆ ನಿಂತೇಹೋಗಿತ್ತು. ನನ್ನ ಜಗಳವಿರುವುದು ಮೂರನೆಯದರೊಡನೆ. 1980ರ ದಶಕದ ಉತ್ತರಾರ್ಧದಿಂದ 1990ರ ದಶಕದ ಆರಂಭದವರೆಗೆ ಕಾರ್ಡುಗಳನ್ನು ಮಿತಿಮೀರಿ ಮುದ್ರಿಸಿದರು, ಬೆಲೆ ಕುಸಿಯಿತು. ಅಷ್ಟಕ್ಕೇ ಆ ಕಾಲವೆಲ್ಲ 'ಮೇಣದ ಕಾಗದದ ಕಸ'ವಾಯಿತು! ಆ ಕಾಲದ ಅತಿ ಪ್ರಸಿದ್ಧ ಕಾರ್ಡು, 1989ರ ಅಪ್ಪರ್ ಡೆಕ್‌ನ ಕೆನ್ ಗ್ರಿಫಿ ಜೂನಿಯರ್, ಬಂದದ್ದು ಮೇಣದ ಕಾಗದದಲ್ಲೂ ಅಲ್ಲ, ಫಾಯಿಲ್ ಪೊಟ್ಟಣದಲ್ಲಿ.

ನ್ಯೂಜೆರ್ಸಿಯಲ್ಲಿರುವ ನನ್ನ ಅಕ್ಕನ ಮಗ ಆ ದೇಶಕ್ಕೆ ಹೋದ ಹೊಸತರಲ್ಲಿ ಬೇಸ್‌ಬಾಲ್ ಕಲಿತದ್ದೇ ಈ ಕಾರ್ಡುಗಳ ಹಿಂಬದಿಯ ಅಂಕಿಗಳನ್ನು ಓದಿ. ಮೊನ್ನೆ ಫೋನಿನಲ್ಲಿ, "ಮಾಮ, ಇದೆಲ್ಲ ಜಂಕ್ ಅಂತೆ, ಎಸೆದುಬಿಡು ಅಂತಾನೆ ನಿಮ್ಮ ಮೊಮ್ಮಗ" ಎಂದು ನಕ್ಕ. ನನಗೆ ನಗು ಬರಲಿಲ್ಲ. ತಂದೆಯ ಯೌವನಕ್ಕೆ ಬೆಲೆ ಕಟ್ಟುವ ಅಧಿಕಾರವನ್ನು ವರ್ತಕರ ದರಪಟ್ಟಿಗೆ ಕೊಟ್ಟವರು ಯಾರು?

ದರದ ಮಾತನ್ನೇ ಆಡೋಣ. ಟಾಪ್ಸ್ ಕಂಪನಿಯ 1952ರ ಕಾರ್ಡುಗಳು ಮಾರಾಟವಾಗದೆ ಉಳಿದು, 1960ರಲ್ಲಿ ಅವನ್ನು ಸಮುದ್ರಕ್ಕೆ ಸುರಿಯಲಾಯಿತು. ಅದೇ ವರ್ಷದ ಸರಣಿಯ ಮಿಕಿ ಮ್ಯಾಂಟಲ್ ಕಾರ್ಡೊಂದು 2022ರಲ್ಲಿ 1 ಕೋಟಿ 26 ಲಕ್ಷ ಡಾಲರಿಗೆ ಹರಾಜಾಯಿತು. ಹಾಗಾದರೆ 1960ರಲ್ಲಿ ಅದು ಯಾವ ಯುಗದ್ದು?

ವ್ಯಾಪಾರಕ್ಕೆ ಅನುಕೂಲವಾದ ಹೆಸರುಗಳಿವು ಎನ್ನುವವರಿದ್ದಾರೆ. ಜೆಫರ್ಸನ್ ಬರ್ಡಿಕ್ ಅವರ ಕ್ರಮ ಅದಕ್ಕಿಂತ ಮೇಲಾಗಿತ್ತು. ತಮ್ಮ ಅಪಾರ ಸಂಗ್ರಹವನ್ನು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯಕ್ಕೆ ಧಾರೆಯೆರೆದ ಈ ಮಹನೀಯರು, ಕಾರ್ಡು ಯಾವ ಸರಕಿನೊಡನೆ ಬಂದಿತೆಂಬುದನ್ನು ನೋಡಿ ಅಕ್ಷರ ಕೊಟ್ಟರು. ಇಪ್ಪತ್ತನೆಯ ಶತಮಾನದ ತಂಬಾಕಿನದು 'ಟಿ'. ಹೋನಸ್ ವಾಗ್ನರ್ ಕಾರ್ಡಿರುವ ಸರಣಿ ಇಂದಿಗೂ ಟಿ206. ಅವರೂ ಎಡವಿದ್ದು ಒಂದೇ ಕಡೆ: 1930ರ ದಶಕದ ಚೂಯಿಂಗ್ ಗಮ್ ಕಾರ್ಡುಗಳಿಗೆ 'ಇತ್ತೀಚಿನದು' ಎಂಬರ್ಥದ 'ಆರ್' ಕೊಟ್ಟರು. 1933ರ ಗೌಡಿ ಸರಣಿ ತೊಂಬತ್ತು ದಾಟಿಯೂ 'ಇತ್ತೀಚಿನದೇ'! (ನಮ್ಮ 'ನವ್ಯ'ಕ್ಕೂ ಎಪ್ಪತ್ತು ದಾಟಿತು, ಆ ಮಾತು ಬೇರೆ.) ಮಾಡರ್ನ್, ಅಲ್ಟ್ರಾ ಮಾಡರ್ನ್‌ಗಳ ಗತಿಯೂ ಅದೇ.

ಆದ್ದರಿಂದ ಹೀಗೆ ಕರೆಯಲಿ: ತಂಬಾಕಿನ ಕಾಲ, ಗಮ್ಮಿನ ಕಾಲ, 1956ರಲ್ಲಿ ಟಾಪ್ಸ್ ತನ್ನ ಎದುರಾಳಿ ಬೋಮನ್ ಅನ್ನು ಕೊಂಡ ಮೇಲಿನದು ಒಂಟಿ ಕಂಪನಿಯ ಕಾಲ, 1981ರಲ್ಲಿ ಫ್ಲೀರ್, ಡಾನ್ರಸ್‌ಗಳು ಕಣಕ್ಕಿಳಿದ ಮೇಲಿನದು ಪೈಪೋಟಿಯ ಕಾಲ. ಅಕ್ಕನ ಮಗನ ಪೆಟ್ಟಿಗೆಯ ಮೇಲೆ ಈ ಕೊನೆಯ ಹೆಸರನ್ನೇ ಬರೆಯಲು ಹೇಳಿದ್ದೇನೆ.